ರಾಚಪ್ಪನವರನ್ನು ದೇವರು ಮಾಡುವ ಠರಾವು

ಮೊನ್ನೆ ಸಂಜೆ ತರಕಾರಿ ತರಲು ಅಂಧೇರಿ ಸ್ಟೇಷನ್ ಕಡೆ ಹೋದವನು ಒಂದು ಪೆಂಡಾಲಿನ ಮುಂದೆ ಸಿಕ್ಕಿಹಾಕಿಕೊಂಡೆ. ಯಾರೋ ನಾಯಕರ ಜಯಂತಿ. ಆಳೆತ್ತರದ ಫೋಟೋ, ಗಾಜಿನ ಮೇಲೆಯೇ ಹಚ್ಚಿದ ಕುಂಕುಮ ಹಣೆಯಿಂದ ಇಳಿದು ಮೂಗಿಗೆ ಬಂದಿತ್ತು. ಮುಂದೆ ಒಡೆದ ತೆಂಗಿನಕಾಯಿ, ಬಾಳೆಹಣ್ಣು. ಚೆಂಡುಹೂವು, ಊದುಬತ್ತಿ, ಕರ್ಪೂರ ಸೇರಿದ ವಾಸನೆ ಬೀದಿಯ ತುಂಬ. ಒಬ್ಬಾತ ನನ್ನ ಅಂಗೈಗೆ ಪ್ರಸಾದ ಹಾಕಿ, "ಅಂಕಲ್, ಹಾಥ್ ಜೋಡೋ" ಎಂದ. ಕೈ ಜೋಡಿಸಿದೆ. ಯಾರಿಗೆ ಜೋಡಿಸಿದೆ, ಸತ್ತ ಮನುಷ್ಯನಿಗೋ, ಕರ್ಪೂರದ ಆರತಿಗೋ, ಹಿಂದಿನಿಂದ ನೂಕುತ್ತಿದ್ದ ಜನಕ್ಕೋ, ನನಗೆ ತಿಳಿಯಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನೀಲವ್ವನವರೇ ನೆನಪಾದರು. ತರಕಾರಿ ತರುವುದನ್ನು ಮರೆತು ಬಂದೆನೆಂದು ಮನೆಯಲ್ಲಿ ಬೈಸಿಕೊಂಡೆ.

ಅವರ ಕತೆ ನಡೆದದ್ದು ಸಾವಿರದ ಒಂಬೈನೂರ ಐವತ್ತೈದರಲ್ಲಿ, ಮುಂಬಯಿ ಶಾಸನಸಭೆಯ ಬಜೆಟ್ ಅಧಿವೇಶನದಲ್ಲಿ. ಮುಂಬಯಿ ರಾಜ್ಯ ಇನ್ನೂ ಒಡೆದಿರಲಿಲ್ಲ. ಒಡೆಯುತ್ತದಂತೆ ಎಂಬ ಗುಸುಗುಸು ಮಾತ್ರ ಕಾರಿಡಾರಿನಲ್ಲಿ ಓಡಾಡುತ್ತಿತ್ತು. ಗುಜರಾತಿಗಳು, ಮರಾಠಿಗರು, ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದವರು ಎಲ್ಲರೂ ಒಂದೇ ಶಾಸನಸಭೆಯಲ್ಲಿ ಕೂತು ಅವರವರ ಭಾಷೆಯಲ್ಲಿ ಜಗಳ ಆಡುತ್ತಿದ್ದರು. ಆ ಜಗಳವನ್ನು ಒಂದಕ್ಷರ ಬಿಡದೆ ಬರೆದಿಡಲು ಸಂಬಳ ಕೊಟ್ಟು ನಮ್ಮನ್ನು ಇಟ್ಟುಕೊಂಡಿದ್ದರು. ಕನ್ನಡಕ್ಕೆ ಇಬ್ಬರು ಶೀಘ್ರಲಿಪಿಯವರು. ಒಬ್ಬರು ಧಾರವಾಡದ ಕುಲಕರ್ಣಿ ಮಾಸ್ತರರು, ಇನ್ನೊಬ್ಬ ನಾನು, ಉಡುಪಿ ಕಡೆಯವನು. ನನಗೆ ಇಪ್ಪತ್ತಮೂರು ವರ್ಷ. ನನ್ನ ಊರು ಮದ್ರಾಸಿಗೆ ಸೇರಿತ್ತು, ನೌಕರಿ ಮುಂಬಯಿಯದು, ಮನೆಯಲ್ಲಿ ಆಡುವುದು ತುಳು, ಹೊಟ್ಟೆ ಹೊರೆಯುವುದು ಕನ್ನಡದಿಂದ. ನಾನು ಯಾವ ರಾಜ್ಯದವನು ಎಂದು ಯಾರಾದರೂ ಕೇಳಿದರೆ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಹಾಗೆ ನೋಡಿದರೆ ಆ ವರ್ಷ ಗೊಂದಲ ಇಲ್ಲದ ವಿಷಯ ಯಾವುದೂ ಇರಲಿಲ್ಲ.

ನಮ್ಮ ಕೆಲಸ ಹೀಗೆ. ಅಧ್ಯಕ್ಷರ ಪೀಠದ ಕೆಳಗೆ ಒಂದು ಮೇಜು, ಇಂಗ್ಲಿಷೂ ಸೇರಿ ನಾಲ್ಕೂ ಭಾಷೆಯವರು ಅದರ ಸುತ್ತ. ಸದಸ್ಯರು ಯಾವ ಭಾಷೆಯಲ್ಲಿ ಬಾಯಿ ತೆರೆದರೋ ಆ ಭಾಷೆಯವನ ಪೆನ್ಸಿಲು ಓಡಬೇಕು, ಉಳಿದವರು ಬೆವರು ಒರೆಸಿಕೊಳ್ಳಬಹುದು. ಮಾರ್ಚ್ ತಿಂಗಳ ಸೆಕೆ. ಸಮುದ್ರ ಕಲ್ಲೆಸೆತದಷ್ಟು ದೂರದಲ್ಲಿದ್ದರೂ ಗಾಳಿ ಮಾತ್ರ ಒಳಗೆ ಬರುತ್ತಿರಲಿಲ್ಲ, ಕಾಗದ ಮುಂಗೈಗೆ ಅಂಟಿಕೊಂಡು ಏಳುತ್ತಿತ್ತು. ಬರೆದದ್ದನ್ನು ಮಾಳಿಗೆಯ ಕೋಣೆಗೆ ಒಯ್ದು ಟೈಪು ಮಾಡಿ, ಆ ಪ್ರತಿಯನ್ನು ಮಾತಾಡಿದ ಸದಸ್ಯರಿಗೇ ತಿದ್ದಲು ಕೊಡುವುದು ಪದ್ಧತಿ. ತಿದ್ದುವುದೆಂದರೆ ಕಾಗುಣಿತ ತಿದ್ದಬೇಕು ಅಷ್ಟೆ. ಆದರೆ ಸಭೆಯಲ್ಲಿ ಎರಡು ವಾಕ್ಯಕ್ಕೆ ನಾಲ್ಕು ಸಲ ಕೆಮ್ಮಿದವರೆಲ್ಲ ನಮ್ಮ ಕೋಣೆಗೆ ಬಂದು ಹೋದ ಮೇಲೆ ಮಹಾ ವಾಗ್ಮಿಗಳಾಗಿ ಅಚ್ಚಾಗುತ್ತಿದ್ದರು. ಅದನ್ನು ನೋಡಿ ನೋಡಿ ಕುಲಕರ್ಣಿ ಮಾಸ್ತರರು ನಗುವುದನ್ನೂ ಬಿಟ್ಟಿದ್ದರು.

ಅವರು ನನಗೆ ಕಲಿಸಿದ್ದು ಒಂದೇ ಪಾಠ. "ನೋಡಪಾ, ಕೈಗೆ ಕೇಳಿಸಬೇಕು, ತಲಿಗೆ ಕೇಳಿಸಬಾರದು. ಏನ ಹೇಳಲಿಕ್ಕತ್ತಾರಂತ ತಿಳಕೊಳ್ಳಲಿಕ್ಕೆ ಹೋದಿ ಅಂದ್ರ ಕೆಟ್ಟಿ."

ಶುಕ್ರವಾರ ಮಧ್ಯಾಹ್ನ ಖಾಸಗಿ ಠರಾವುಗಳ, ಎಂದರೆ ನಿರ್ಣಯಗಳ ಹೊತ್ತು. ಸರಕಾರದ್ದಲ್ಲದ, ಸದಸ್ಯರು ತಾವಾಗಿ ತಂದ ಠರಾವುಗಳು. ಎರಡು ತಾಸು ಚರ್ಚೆ, ಕಡೆಗೆ ಮಂತ್ರಿಗಳು ಎದ್ದು "ಮಾನ್ಯ ಸದಸ್ಯರ ಭಾವನೆಯನ್ನು ಗೌರವಿಸುತ್ತೇವೆ" ಎನ್ನುವುದು, ಠರಾವು ತಂದವರು ಹಿಂದಕ್ಕೆ ತೆಗೆದುಕೊಳ್ಳುವುದು. ಇದು ಎಲ್ಲರಿಗೂ ಗೊತ್ತಿದ್ದ ಆಟ. ಆ ಶುಕ್ರವಾರದ ಠರಾವು ಮಾತ್ರ ವಿಚಿತ್ರವಾಗಿತ್ತು. ತಂದವರು ಧಾರವಾಡ ಜಿಲ್ಲೆಯ ವಕೀಲ ಹಣಮಂತರಾಯರು. ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟ ವೀರರಿಗೆ ಆಯಾ ತಾಲೂಕಿನಲ್ಲಿ ಸರಕಾರವೇ ಗುಡಿ ಕಟ್ಟಿಸಬೇಕು, ಮೂರ್ತಿ ಕೂಡಿಸಬೇಕು, ವರ್ಷಕ್ಕೊಮ್ಮೆ ಪೂಜೆ, ಶಾಲೆಯ ಮಕ್ಕಳು ದಿನಾ ಅವರ ಪಟಕ್ಕೆ ಹೂ ಏರಿಸಬೇಕು. ಮೊದಲ ಗುಡಿ ಅವರದೇ ತಾಲೂಕಿನ ರಾಚಪ್ಪ ಮಾಸ್ತರರದು. ರಾಚಪ್ಪನವರು ನಲವತ್ತೆರಡರ ಚಳವಳಿಯಲ್ಲಿ ಭೂಗತರಾಗಿ, ಸಿಕ್ಕಿಬಿದ್ದು, ಜೈಲಿನಲ್ಲಿ ಆಮಶಂಕೆಯಿಂದ ತೀರಿಕೊಂಡವರು.

ಅವತ್ತು ಬೆಳಿಗ್ಗೆ ಇದನ್ನು ಮಾವನಿಗೆ ಹೇಳಿದೆ. ಮಾವನೆಂದರೆ ತಾಯಿಯ ಅಣ್ಣ. ಮುಂಬಯಿಯ ಫೋರ್ಟ್ ಪೇಟೆಯಲ್ಲಿ ಅವನದೊಂದು ಹೋಟೆಲು, ಅದರ ಅಟ್ಟದ ಮೇಲೆ ನನ್ನ ವಾಸ. ಮಾವ ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆದವನು ಹಾಗೆಯೇ ನಿಂತು ಕೇಳಿದ.

"ಎಂತದು ಮಾರಾಯ, ದೇವರು ಮಾಡ್ಲಿಕ್ಕೆ ಕೈ ಎತ್ತಿ ವೋಟು ಹಾಕುದಾ? ನಮ್ಮ ಊರಲ್ಲಿ ಅನ್ಯಾಯದಲ್ಲಿ ಸತ್ತವರು ದೈವ ಆಗುದಿಲ್ವಾ? ಅದಕ್ಕೆ ಯಾರ ಠರಾವೂ ಬೇಡ. ಅವರೇ ಕೇಳ್ತಾರೆ. ಅನ್ಯಾಯ ಮಾಡಿದವನಿಗೆ ರಾತ್ರಿ ನಿದ್ರೆ ಬರುದಿಲ್ಲ, ಮನೆಯಲ್ಲಿ ಒಂದರ ಮೇಲೆ ಒಂದು ತೊಂದರೆ. ಆಗ ಗೊತ್ತಾಗ್ತದೆ, ಓ, ಇವರಿಗೆ ಜಾಗ ಬೇಕು ಅಂತ. ಮತ್ತೆ ಕೋಲ ಕೊಟ್ರೆ ದೈವ ಮೈಮೇಲೆ ಬಂದು ಮಾತಾಡ್ತದೆ, ಕೇಳಿದ್ದಕ್ಕೆ ಜವಾಬು ಕೊಡ್ತದೆ. ನಿಮ್ಮ ಅಸೆಂಬ್ಲಿಯ ದೇವರು ಮಾತಾಡ್ತದಾ?"

"ಗೊತ್ತಿಲ್ಲ ಮಾವ. ಚರ್ಚೆ ಆಗಬೇಕು" ಎಂದೆ.

ಚರ್ಚೆ ಆಯಿತು. ಕುಲಕರ್ಣಿ ಮಾಸ್ತರರು ಮಗಳ ಮದುವೆಗೆಂದು ರಜೆ ಹಾಕಿ ಊರಿಗೆ ಹೋಗಿದ್ದರು, ಕನ್ನಡಕ್ಕೆ ನಾನೊಬ್ಬನೇ. ಹಣಮಂತರಾಯರು ಎಂದಿನಂತೆ ಇಂಗ್ಲಿಷಿನಲ್ಲಿ ಠರಾವು ಮಂಡಿಸಿದ್ದರಿಂದ ನನಗೆ ಕೆಲಸವಿರಲಿಲ್ಲ. ಪೆನ್ಸಿಲು ಚೂಪು ಮಾಡುತ್ತ ಕೇಳಿದೆ. ಬೇರೆ ಭಾಷೆಯವರ ಮಾತು ಬರೆಯುವ ಹೊಣೆ ಇಲ್ಲದ್ದರಿಂದ ತಲೆಗೇ ಕೇಳಿಸುತ್ತಿತ್ತು, ಅದೇ ದೊಡ್ಡ ಫಜೀತಿ. ಒಬ್ಬರು ಹೇಳಿದ್ದು ಸರಿ ಎನಿಸುವಷ್ಟರಲ್ಲಿ ಇನ್ನೊಬ್ಬರು ಎದ್ದು ಅದಕ್ಕೆ ವಿರುದ್ಧವಾದದ್ದನ್ನು ಹೇಳುತ್ತಿದ್ದರು, ಅದೂ ಸರಿ ಎನಿಸುತ್ತಿತ್ತು. ಗುಜರಾತಿನ ಒಬ್ಬ ಹಿರಿಯರು, ಉಪವಾಸ ಮಾಡಿ ಸತ್ತವರಿಗೆ ನೈವೇದ್ಯ ಏನು ಇಡುತ್ತೀರಿ ಎಂದು ಕೇಳಿದರು. ಮುಸಲ್ಮಾನ ಸದಸ್ಯರೊಬ್ಬರು ಬಹಳ ವಿನಯದಿಂದ, ಆ ವೀರರ ಹೆಸರು ಹೇಳಿದರೆ ನನ್ನ ಕಣ್ಣು ತುಂಬುತ್ತದೆ, ಆದರೆ ನನ್ನ ತಲೆ ಮೂರ್ತಿಗೆ ಬಾಗದು, ನನ್ನ ಮಗ ಶಾಲೆಯಲ್ಲಿ ಏನು ಮಾಡಬೇಕು ಎಂದರು. ಆಮೇಲೆ ಧಾರಾವಿ ಕಡೆಯ ಚರ್ಮದ ಕೆಲಸಗಾರರ ನಡುವಿನಿಂದ ಬಂದ ಸದಸ್ಯರು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ಆ ಗುಡಿಯ ಒಳಗೆ ನಮ್ಮನ್ನು ಬಿಡುತ್ತೀರೋ?"

"ಖಂಡಿತ ಬಿಡುತ್ತೇವೆ" ಎಂದರು ಹಣಮಂತರಾಯರು.

"ಹಾಗಿದ್ದರೆ ಅದು ಯಾವ ತರಹದ ದೇವರು? ನಾನು ಕಂಡ ದೇವರುಗಳೆಲ್ಲ ನನ್ನನ್ನು ಹೊರಗೆ ನಿಲ್ಲಿಸಿದವು" ಎಂದು ಆತ ಕೂತರು. ಸಭೆ ನಕ್ಕಿತು. ಆತ ನಗಲಿಲ್ಲ.

ಆಗ ನೀಲವ್ವನವರು ಎದ್ದರು. ಅವರೂ ಸದಸ್ಯೆ, ರಾಚಪ್ಪ ಮಾಸ್ತರರ ಹೆಂಡತಿ. ಗಂಡ ಹುತಾತ್ಮನೆಂದು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿ ಕಳಿಸಿದ್ದರು. ನಲವತ್ತೈದರ ಆಸುಪಾಸು, ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಮೂರು ವರ್ಷದಲ್ಲಿ ಎರಡೇ ಸಲ ಮಾತಾಡಿದ್ದರು, ಒಮ್ಮೆ ಬಾವಿಯ ಬಗ್ಗೆ, ಒಮ್ಮೆ ಸೂಲಗಿತ್ತಿಯರ ಬಗ್ಗೆ. ಅವರು ಎದ್ದದ್ದು ನೋಡಿ ಹಣಮಂತರಾಯರ ಮುಖ ಅರಳಿತು. ನಾನು ಪೆನ್ಸಿಲು ಹಿಡಿದೆ.

"ಅಧ್ಯಕ್ಷರ, ನನಗ ಭಾಷಣಾ ಮಾಡಾಕ ಬರೂದಿಲ್ಲ. ನಮ್ಮವರನ್ನ ದೇವರ ಮಾಡೂದಾದ್ರ ಮೊದಲು ನನ್ನ ಒಂದ ಮಾತು ಕೇಳಬೇಕಾಗಿತ್ತು. ಯಾರೂ ಕೇಳಲಿಲ್ಲ. ಅವರು ನಾ ಮಾಡಿದ ಅಡಗಿಗೆ ಮತ್ತ ಉಪ್ಪು ಹಾಕ್ಕೊಂಡು ತಿಂತಿದ್ರು. ಸಾಲಿ ಹುಡುಗರಿಗೆ ಹೊಡೀತಿದ್ರು, ಆಮ್ಯಾಲೆ ಮನಿಗೆ ಬಂದು ಅಳ್ತಿದ್ರು. ಇದನ್ನೆಲ್ಲಾ ನಿಮ್ಮ ಪೂಜಾರಿಗೆ ಹೇಳೂದೋ, ಬ್ಯಾಡೋ?"

ಕನ್ನಡ ಬಲ್ಲ ಕೆಲವರು ನಕ್ಕರು. ಇಲ್ಲಿಯ ತನಕ ನಾನು ಬರೆದಿದ್ದೇನೆ, ಅಚ್ಚಾದ ಪುಸ್ತಕದಲ್ಲಿ ಇದೆ. ಮುಂದಿನದು ಇಲ್ಲ. ಮುಂದಿನದನ್ನು ನೆನಪಿನಿಂದ ಹೇಳುತ್ತಿದ್ದೇನೆ, ಒಂದು ಮಾತು ಹೆಚ್ಚುಕಡಿಮೆ ಇರಬಹುದು.

"ನಮಗ ಒಬ್ಬಾಕಿ ಮಗಳಿದ್ಲು, ನಾಕು ವರ್ಷದಾಕಿ. ಅವರು ಮನಿ ಬಿಟ್ಟು ಹ್ವಾದ ಮ್ಯಾಲೆ ಆಕಿಗೆ ಜ್ವರ ಬಂತು. ಅಪ್ಪಾ ಎಲ್ಲಿ, ಅಪ್ಪಾ ಎಲ್ಲಿ ಅಂತ ಕೇಳಾಕತ್ತಿದ್ಲು. ಅವರು ಎರಡ ಹರದಾರಿ ಮ್ಯಾಲೆ ಒಂದ ಹೊಲದಾಗ ಅಡಗಿದ್ರು. ನಾ ಚೀಟಿ ಬರದು ಕಳಿಸಿದೆ. ಬರಲಿಲ್ಲ. ಕೂಸು ಹೋತು. ಆಮ್ಯಾಲೆ ಅವರನ್ನ ಹಿಡಿದ್ರು, ಜೇಲಿನ್ಯಾಗ ಅವರೂ ಹ್ವಾದ್ರು. ಆ ಚೀಟಿ ಅವರ ಕೈಗೆ ಮುಟ್ಟಿತ್ತೋ ಇಲ್ಲೋ ನನಗ ಇವತ್ತಿಗೂ ಗೊತ್ತಿಲ್ಲ. ಮುಟ್ಟಿರಲಿಲ್ಲಂದ್ರ ಅವರು ಪಾಪದ ಮನಷ್ಯಾ. ಮುಟ್ಟಿಯೂ ಬರಲಿಲ್ಲಂದ್ರ ನಿಮಗ ಅವರು ದೇವರಾಗಲಿ, ನನಗ ಆಗೂದಿಲ್ಲ. ಯಾರರೆ ಅದನ್ನ ಹೇಳ್ರಿ. ಹೇಳಿ ಆಮ್ಯಾಲೆ ಗುಡಿ ಕಟ್ರಿ."

ಅವರು ಕೂತರು. ಅಧ್ಯಕ್ಷರಿಗೆ ಕನ್ನಡ ಬಾರದು, ಗಡಿಯಾರ ನೋಡಿ ಚರ್ಚೆಯನ್ನು ಮುಂದಿನ ಶುಕ್ರವಾರಕ್ಕೆ ಹಾಕಿದರು. ಎಲ್ಲರೂ ಏಳುತ್ತಿದ್ದಾಗ ನಾನು ನನ್ನ ಕಾಗದ ನೋಡಿಕೊಂಡೆ. "ಬ್ಯಾಡೋ" ಎಂಬಲ್ಲಿಗೆ ನಿಂತಿತ್ತು. ಅದರ ಕೆಳಗೆ ಬರೀ ಬೆವರು. ಪೆನ್ಸಿಲು ಕೈಯಲ್ಲೇ ಇತ್ತು, ನಾನು ಬರೆದಿರಲಿಲ್ಲ. ಬಾಯಿ ತೆರೆದುಕೊಂಡು ಕೇಳುತ್ತ ಕೂತಿದ್ದೆ, ಹರಿಕಥೆಗೆ ಹೋದವನ ಹಾಗೆ. ಆ ಮಾತು ಬೇರೆ ಯಾರ ಪುಸ್ತಕದಲ್ಲಿಯೂ ಇರಲು ಸಾಧ್ಯವಿರಲಿಲ್ಲ, ಯಾಕೆಂದರೆ ಆ ಮೇಜಿನಲ್ಲಿ ಕನ್ನಡದವನು ನಾನೊಬ್ಬನೇ.

ಮುಖ್ಯ ವರದಿಗಾರರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ, ಕನ್ನಡಕ ತೆಗೆದು ನನ್ನನ್ನೇ ನೋಡಿದರು, ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, ನೆನಪಿನಿಂದ ತುಂಬಿಸುವ ಹಾಗಿಲ್ಲ, ಆ ಸದಸ್ಯೆಯ ಬಳಿಯೇ ಹೋಗಿ ಹೇಳಿಸಿಕೊಂಡು ಬರೆದು ರುಜು ಹಾಕಿಸು ಎಂದರು. ನನಗೂ ಅದೇ ಸರಿ ಎನಿಸಿತು. ಒಂದು ಕೂಸಿನ ಸಾವನ್ನು ನನಗೆ ತೋಚಿದ ಮಾತಿನಲ್ಲಿ ಬರೆದು ಕೆಳಗೆ ತಾಯಿಯ ಹೆಸರು ಹಾಕುವುದು ಹೇಗೆ?

ಮರುದಿನ ಶನಿವಾರ ಅರ್ಧ ದಿನದ ಕಚೇರಿ. ಹಣಮಂತರಾಯರು ತಮ್ಮ ಭಾಷಣದ ಪ್ರತಿ ತಿದ್ದಲು ಬಂದರು. ಅವರು ಕೋಮಾ ಕೂಡ ಬಿಡದೆ ತಿದ್ದುವ ಮನುಷ್ಯ. ಅವತ್ತು ಪ್ರತಿಯನ್ನು ಮೇಜಿನ ಮೇಲಿಟ್ಟು ಪೆನ್ನಿನ ಟೊಪ್ಪಿಗೆಯನ್ನೂ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡರು.

"ನೀಲವ್ವನ ಭಾಷಣ ಟೈಪ್ ಆಗ್ಯದೇನು?"

"ಇನ್ನೂ ಆಗುತ್ತಾ ಇದೆ ರಾಯರೇ" ಎಂದು ಸುಳ್ಳು ಹೇಳಿದೆ.

"ಚೀಟಿ ಮಾತು ಬಂದದೇನು ಅದರಾಗ?"

ಅದನ್ನು ತೆಗೆಸಲು ಬಂದಿದ್ದಾರೆ ಎಂದುಕೊಂಡೆ. ಅವರು ಕಿಟಕಿಯ ಕಡೆ ನೋಡುತ್ತ, "ಬಂದಿದ್ರ ಬರ್ಲಿ" ಎಂದರು. ಆಮೇಲೆ ಅದೇ ಧ್ವನಿಯಲ್ಲಿ, "ಆ ಚೀಟಿ ನನ್ನ ಕೈಯಾಗ ಬಂದಿತ್ತು" ಎಂದರು.

ನನ್ನ ಪರಿಚಯ ಅವರಿಗೆ ಅಷ್ಟಕ್ಕಷ್ಟೇ ಇತ್ತು. ಯಾಕೆ ನನಗೆ ಹೇಳಿದರೋ ಇವತ್ತಿಗೂ ಅರ್ಥವಾಗಿಲ್ಲ. ಸಭೆಯಲ್ಲಿ ಆಡಿದ ಮಾತು ಯಾವುದಿದ್ದರೂ ನನ್ನ ಕೈಗೇ ಬರುತ್ತದೆ, ಇದೂ ಬರಲಿ ಎಂದುಕೊಂಡರೋ ಏನೋ.

"ನಾನು, ರಾಚಪ್ಪ ಇಬ್ಬರೂ ಒಂದೇ ಹೊಲದ ಗುಡಿಸಲಾಗಿದ್ವಿ. ಅಂವ ಹೊರಗ ಹೋಗಿದ್ದ, ಚೀಟಿ ತಂದಾತ ನನ್ನ ಕೈಯಾಗ ಕೊಟ್ಟು ಹೋದ. ಓದಿದೆ. ಅಂವನ ಮನೀ ಸುತ್ತ ಪೋಲೀಸರು ಕೂತಾರಂತ ನಮಗ ಸುದ್ದಿ ಇತ್ತು. ಹೇಳಿದ್ರ ಹೋಗಾಂವ, ಹೋದ್ರ ಸಿಗಾಂವ. ನಾಳೆ ಹೇಳಿದ್ರಾತು ಅಂತ ಕಿಸೆದಾಗ ಇಟ್ಕೊಂಡೆ. ನಾಳೆ ನಾಳೆ ಅಂತ ನಾಕು ದಿನ ಇಟ್ಕೊಂಡೆ. ಐದನೇ ದಿನ ಅಂವನ್ನ ಬೇರೆ ಕಡೆನೇ ಹಿಡಿದ್ರು. ಜೇಲಿನಾಗ ಮೂರು ತಿಂಗಳೂ ಉಳಿಲಿಲ್ಲ. ಕಾಗದಪತ್ರ ಏನೂ ಒಳಗ ಬಿಡತಿರಲಿಲ್ಲ. ಮಗಳು ಹೋದದ್ದೂ ಗೊತ್ತಿಲ್ಲದ ಹೋದ."

"ಅವರಿಗೆ ಹೇಳಬಹುದಿತ್ತಲ್ಲ ರಾಯರೇ, ನೀಲವ್ವನವರಿಗೆ?"

"ಹೆಂಗ ಹೇಳ್ಲಿ? ವರ್ಷಾ ನಾಗರ ಪಂಚಮಿಗೆ ತವರವರಿಗೆ ಕೊಟ್ಟಂಗ ನನಗ ಉಂಡಿ ಕಳಸ್ತಾಳ. ಅಣ್ಣಾ ಅಂತಾಳ. ಹೇಳಿದ ಮ್ಯಾಲೆ ಅಂತಾಳೇನು? ಹಿಂಗಾಗಿ ಅಂವಗೊಂದು ಗುಡಿಯರೆ ಆಗ್ಲಿ, ಅಲ್ಲಿ ಹೋಗಿ ದಿನಾ ತಲಿ ಬಗ್ಗಿಸೋಣಂತ ಈ ಠರಾವು ತಂದೆ."

ತಮ್ಮ ಪ್ರತಿಯನ್ನು ತಿದ್ದದೆಯೇ ಬಿಟ್ಟು ಹೋದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಕನಿಕರ. ಕನಿಕರ ಬಂದದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಅವರು ಹೇಳದಿದ್ದದ್ದು ತಪ್ಪೇ? ಹೇಳಿದ್ದರೆ ರಾಚಪ್ಪನವರು ಮನೆಯ ಬಾಗಿಲಲ್ಲೇ ಸಿಗುತ್ತಿದ್ದರು, ಆದರೆ ಮಗಳ ಮುಖವನ್ನಾದರೂ ನೋಡುತ್ತಿದ್ದರು. ಹಾಗೆ ತಿರುಗಿಸಿ ಹೀಗೆ ತಿರುಗಿಸಿ ನೋಡಿ ನನ್ನ ತಲೆ ಕೆಟ್ಟಿತು. ಮಾವ ಊಟಕ್ಕೆ ಕರೆದರೂ ಹೋಗಲಿಲ್ಲ.

ಭಾನುವಾರ ಲೋಕಲ್ ರೈಲು ಹಿಡಿದು ಅಂಧೇರಿಗೆ ಹೋದೆ. ಅಂಧೇರಿ ಆಗ ಅರ್ಧ ಹಳ್ಳಿ. ಸ್ಟೇಷನ್ ದಾಟಿದರೆ ಗದ್ದೆ, ಬಾವಿ, ತೆಂಗು, ನಡುನಡುವೆ ಬಾಡಿಗೆ ಕೋಣೆಗಳ ಸಾಲಿನ ಒಂದೊಂದು ಚಾಳು. ನೀಲವ್ವನವರು ಅಧಿವೇಶನ ಇದ್ದಾಗೆಲ್ಲ ಅಲ್ಲಿಯ ಚಾಳಿನಲ್ಲಿ ತಮ್ಮನ ಮನೆಯಲ್ಲಿ ಇರುತ್ತಿದ್ದರು. ತಮ್ಮ ರೈಲ್ವೆಯಲ್ಲಿ ಗುಮಾಸ್ತ, ಅವನ ಹೆಂಡತಿ ಶಾಂತವ್ವ. ನಾನು ಹೋದಾಗ ನೀಲವ್ವನವರು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಬಂದ ಕಾರಣ ಹೇಳಿ, ತಪ್ಪಾಯಿತು ಎಂದೆ. ಅವರು ಪ್ರತಿಯನ್ನು ನೋಡಿದರು, ಕೆಳಗಿನ ಖಾಲಿ ಜಾಗ ನೋಡಿದರು, ನನ್ನನ್ನು ನೋಡಿದರು.

"ಯಾಕ ಬರೀಲಿಲ್ಲ ತಮ್ಮಾ?"

"ಕೇಳುತ್ತಾ ಕೂತೆ ಅಮ್ಮಾ. ಬರೆಯಬೇಕು ಅಂತ ನೆನಪೇ ಆಗಲಿಲ್ಲ."

ಅವರಿಗೆ ಸಿಟ್ಟು ಬರಲಿಲ್ಲ. "ಅಂದ್ರ ಒಬ್ಬರರೆ ಕೇಳಿದ್ರಿ ಅಂತಾತು" ಎಂದರು. ಶಾಂತವ್ವನಿಗೆ ಹೇಳಿ ಚಹಾ ಮಾಡಿಸಿದರು. ಖಾಲಿ ಜಾಗಕ್ಕೆ ಮತ್ತೆ ಹೇಳಿ ಎಂದರೆ ಹೇಳಲಿಲ್ಲ. "ಬರೂ ಶುಕ್ರವಾರ ಆಗಲಿ. ಯಾರರೆ ಉತ್ತರಾ ಕೊಡ್ತಾರೋ ಏನೋ ನೋಡೂಣು" ಎಂದರು. ನಾನು ಚಹಾದ ಬಟ್ಟಲನ್ನು ಹಿಡಿದುಕೊಂಡು ತಲೆ ತಗ್ಗಿಸಿದೆ.

ನನ್ನ ಊರು ಯಾವುದೆಂದು ಕೇಳಿದರು. ಹೇಳಿದೆ.

"ನಿಮ್ಮ ಕಡೆ ಸತ್ತವರು ಮೈಮ್ಯಾಲೆ ಬಂದು ಮಾತಾಡ್ತಾರಂತ, ಖರೇನ?"

"ಹೌದಮ್ಮಾ. ಕೋಲದಲ್ಲಿ."

"ಕೇಳಿದ್ದಕ್ಕ ಉತ್ತರಾ ಕೊಡ್ತಾರ?"

"ಕೊಡುತ್ತಾರೆ. ನಮ್ಮ ಮನೆಯವರೆಲ್ಲ ಕೇಳಿದ್ದಾರೆ."

ಅವರು ಮೊರವನ್ನು ಕೆಳಗಿಟ್ಟರು. "ಅಂಥಾ ದೇವರ ಮಾಡೂದಿದ್ರ ನಾನೂ ಕೈ ಎತ್ತತಿದ್ದೆ ನೋಡು. ಇವರು ಮಾಡೂ ದೇವರು ಒಮ್ಮೆ ಗುಡಿ ಹೊಕ್ಕರಂದ್ರ ಮುಗೀತು. ಮುಂದ ನಾ ಏನೂ ಕೇಳೂ ಹಂಗಿಲ್ಲ."

ಉತ್ತರ ನನ್ನ ಬಾಯಲ್ಲಿತ್ತು. ಹೇಳಿಬಿಡಲೇ ಎಂದು ಎರಡು ಸಲ ಬಾಯಿ ತೆರೆದೆ. ಅದು ನನ್ನ ಮಾತಲ್ಲ, ಇನ್ನೊಬ್ಬರು ನನ್ನಲ್ಲಿ ಇಟ್ಟು ಹೋದದ್ದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ನಮಸ್ಕಾರ ಮಾಡಿ ಎದ್ದು ಬಂದೆ. ಸೋಮವಾರ ಹಣಮಂತರಾಯರು ಕಾರಿಡಾರಿನಲ್ಲಿ ಎದುರಾದಾಗ, "ನೀಲವ್ವನವರು ಶುಕ್ರವಾರದ ಉತ್ತರಕ್ಕೆ ಕಾಯುತ್ತಿದ್ದಾರೆ" ಎಂದಷ್ಟೇ ಹೇಳಿದೆ. ಅವರು ಕೇಳಿಸದವರಂತೆ ಮುಂದೆ ಹೋದರು. ಆ ವಾರ ಕಳೆಯುವುದು ನನಗೆ ಬಹಳ ಕಷ್ಟವಾಯಿತು.

ಶುಕ್ರವಾರ ಬಂತು. ಮಂತ್ರಿಗಳು ಎದ್ದು, ಮಾನ್ಯ ಸದಸ್ಯರ ಭಾವನೆಯನ್ನು ಗೌರವಿಸಿದರು. ಗುಡಿಯ ಬದಲು ಶಾಲೆಗೊಂದು ಪಟ ಎಂದರು. ಠರಾವು ತಂದವರು ಉತ್ತರ ಕೊಡುವ ಸರದಿ. ಹಣಮಂತರಾಯರು ಎದ್ದು ನಿಂತರು. ಇಂಗ್ಲಿಷಿನವನು ಪೆನ್ಸಿಲು ಎತ್ತಿದ. ಅವರು ಕನ್ನಡದಲ್ಲಿ ಶುರುಮಾಡಿದರು. ನಾನು ಗಡಬಡಿಸಿ ಕಾಗದ ಎಳೆದುಕೊಂಡೆ. ಆ ಸಭೆಯಲ್ಲಿ ಅವರು ಕನ್ನಡ ಆಡಿದ್ದು ಅದೇ ಮೊದಲು.

"ಅಧ್ಯಕ್ಷರೇ, ಚೀಟಿ ಬಂದಿತ್ತು. ಅದು ಅವನ ಕೈಗೆ ಮುಟ್ಟಲಿಲ್ಲ. ನನ್ನ ಕೈಗೆ ಬಂತು, ನಾನು ಓದಿದೆ, ನಾನು ಕೊಡಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ. ಕೂಸು ಜಡ್ಡು ಬಿದ್ದದ್ದೂ ಗೊತ್ತಿರಲಿಲ್ಲ, ಹೋದದ್ದೂ ಗೊತ್ತಿರಲಿಲ್ಲ. ಅವನ ತಪ್ಪು ಇಲ್ಲ. ಠರಾವು ಹಿಂದಕ್ಕೆ ತಗೊಳ್ಳಲಿಕ್ಕೆ ಸಭೆಯ ಅನುಮತಿ ಕೇಳ್ತೇನೆ."

ಈ ಸಲ ನಾನು ಒಂದಕ್ಷರ ಬಿಡಲಿಲ್ಲ. ತಲೆಗೆ ಏನೂ ಕೇಳಿಸದ ಹಾಗೆ ಹಲ್ಲು ಕಚ್ಚಿಕೊಂಡು ಬರೆದೆ. ಸಭೆಯ ಮುಕ್ಕಾಲು ಪಾಲು ಜನಕ್ಕೆ ಕನ್ನಡ ಬಾರದು. ಎಂದಿನಂತೆ ಠರಾವು ವಾಪಸಾಯಿತು ಎಂದಷ್ಟೇ ತಿಳಿದು ಮೇಜು ತಟ್ಟಿದರು. ಆ ಸದ್ದು ನಿಂತ ಮೇಲೆ ತಲೆ ಎತ್ತಿ ನೋಡಿದೆ. ನೀಲವ್ವನವರು ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆಯುತ್ತಿದ್ದರು. ಹೊರಗೆ ಹೋಗುವಾಗ ಪೀಠಕ್ಕೆ ತಲೆ ಬಾಗಿಸುವುದು ಅಲ್ಲಿಯ ಪದ್ಧತಿ. ಅವರು ಅದನ್ನು ಮರೆತಿದ್ದರು. ಹಣಮಂತರಾಯರ ಬೆಂಚಿನ ಪಕ್ಕದಲ್ಲೇ ಹಾದರೂ ಆ ಕಡೆ ನೋಡಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆ ಎಂದು ನಡಿಗೆಯಿಂದ ತಿಳಿಯುವಂತಿರಲಿಲ್ಲ.

ಮತ್ತೆ ಭಾನುವಾರ, ಮತ್ತೆ ಅಂಧೇರಿ. ಎರಡು ಪ್ರತಿ ಒಯ್ದಿದ್ದೆ. ಒಂದು ನೀಲವ್ವನವರ ಅರ್ಧ ಭಾಷಣ, ಇನ್ನೊಂದು ಹಣಮಂತರಾಯರದು. ಬೇರೆ ಸದಸ್ಯರ ಪ್ರತಿ ತೋರಿಸುವ ಹಾಗಿಲ್ಲ, ತೋರಿಸಿದೆ. ರಾಯರು ಅದರಲ್ಲಿ ಒಂದು ಕೋಮಾ ಕೂಡ ತಿದ್ದದೆ ರುಜು ಹಾಕಿ ಕಳಿಸಿದ್ದರು. ನೀಲವ್ವನವರು ಅದನ್ನು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಓದಿ ಮುಗಿದ ಮೇಲೆ ಮತ್ತೆ ಮೇಲಿನಿಂದ ಓದಿದರು.

"ಅಮ್ಮಾ, ಈಗಲಾದರೂ ನಿಮ್ಮ ಮಾತು ಹೇಳಿ, ಬರೆದುಕೊಳ್ಳುತ್ತೇನೆ" ಎಂದು ಪೆನ್ನು ತೆಗೆದೆ. "ಇಲ್ಲವಾದರೆ ಪುಸ್ತಕದಲ್ಲಿ ಉತ್ತರ ಇರುತ್ತದೆ, ಪ್ರಶ್ನೆ ಇರುವುದಿಲ್ಲ. ಓದಿದವರಿಗೆ ಯಾವ ಚೀಟಿ, ಯಾರ ಕೂಸು, ಒಂದೂ ತಿಳಿಯುವುದಿಲ್ಲ."

"ಏನಂತ ಬರೆಸಲಿ?" ಎಂದರು. ಶುರುಮಾಡಿದರು ಕೂಡ. "ನಮಗ ಒಬ್ಬಾಕಿ ಮಗಳಿದ್ಲು" ಎಂದು ಹೇಳಿ ನಿಲ್ಲಿಸಿದರು. ನಾನು ಬರೆದದ್ದನ್ನು ಹೊಡೆದುಹಾಕಲು ಹೇಳಿದರು. "ಅವತ್ತ ಸಿಟ್ಟಿನಾಗ ಕೇಳಿದ್ದೆ. ಈಗ ಆ ಸಿಟ್ಟ ಹುಡುಕಿದ್ರೂ ಸಿಗವಲ್ದು. ಖಾಲಿ ಬಿಡು. ತಿಳಿಯೂದು ನನಗ ಬೇಕಿತ್ತು, ತಿಳೀತು."

ಅದು ಖಾಲಿಯೇ ಅಚ್ಚಾಯಿತು. ಮುಂದೆ ಒಂದು ಸಲ ಹುಡುಕಿ ನೋಡಿದ್ದೇನೆ.

"ರಾಯರ ಮೇಲೆ ಸಿಟ್ಟಿಲ್ಲವೇ ಅಮ್ಮಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಗೊತ್ತಿಲ್ಲ ತಮ್ಮಾ. ಪಂಚಮಿಗೆ ಉಂಡಿ ಕಳಸ್ತೀನೋ ಇಲ್ಲೋ, ಅದೂ ಗೊತ್ತಿಲ್ಲ. ಅವರ ಮಾತು ಈಗ ಬ್ಯಾಡ." ಸೆರಗನ್ನು ಸರಿಮಾಡಿಕೊಂಡರು. "ಜೇಲಿನಿಂದ ನಮ್ಮವರ ಸುದ್ದಿ ಬಂದಾಗ ನಾ ಅಳಲಿಲ್ಲ, ಒಂದ ಹೊತ್ತಿನ ಊಟಾನೂ ಬಿಡಲಿಲ್ಲ. ಊರ ಮಂದಿ ಏನ ಧೈರ್ಯ ಅಂದ್ರು, ವೀರಪತ್ನಿ ಅಂದ್ರು, ಪೇಪರಿನ್ಯಾಗೂ ಹಾಕಿದ್ರು. ಧೈರ್ಯ ಎಲ್ಲೀದು? ಮಗಳು ಕರದ್ರ ಬರಲಿಲ್ಲ, ಈಗ ಹ್ವಾದ್ರ ಹೋಗಲಿ ಅಂದಿದ್ದೆ ಮನಸಿನ್ಯಾಗ. ಹನ್ನೆರಡ ವರ್ಷ ಅದನ್ನ ಅನಕೋತ ಉಂಡೆ, ಅನಕೋತ ಮಲಗಿದೆ. ಅವರಿಗೆ ಗೊತ್ತಿರಲಿಲ್ಲಂತ, ತಮ್ಮಾ. ಕೂಸಿಗೆ ಜ್ವರ ಬಂದದ್ದೂ ಗೊತ್ತಿರಲಿಲ್ಲಂತ."

ನಾನು ಏಳಬೇಕೋ ಕೂರಬೇಕೋ ತಿಳಿಯದೆ ಪೆನ್ನಿನ ಟೊಪ್ಪಿಗೆ ಹಾಕುತ್ತ ತೆಗೆಯುತ್ತ ಇದ್ದೆ. ಒಳಗೆ ಶಾಂತವ್ವ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ನೀಲವ್ವನವರು ಎರಡೂ ಕೈಯನ್ನು ನೆಲಕ್ಕೆ ಊರಿ ಎದ್ದರು. ಬಾಗಿಲ ತನಕ ಹೋಗಿ ಚೌಕಟ್ಟು ಹಿಡಿದುಕೊಂಡು ಒಳಗೆ ಹೇಳಿದರು.

"ಶಾಂತವ್ವಾ, ಇವತ್ತ ನನಗ ರೊಟ್ಟಿ ಮಾಡಬ್ಯಾಡ. ನಮ್ಮವರು ತೀರಿಕೊಂಡಾರ."